‘ಥ್ಯಾಂಕ್’ ಪದಕ್ಕೆ ಸಿಕ್ಕ ಮನೆಮಾತು

ನಿಘಂಟನ್ನು ಬಳಸುವವರು ಊರು ತುಂಬ ಇರುತ್ತಾರೆ. ಅದನ್ನು ಕಟ್ಟುವವರು ಒಂದು ಕೋಣೆಯಲ್ಲಿ ಹಿಡಿಸುವಷ್ಟು ಮಂದಿ ಮಾತ್ರ. ಅಂಥ ಒಂದು ಕೋಣೆಯಲ್ಲಿ, ಕಿಟಕಿಯ ಪಕ್ಕದ ಮೇಜಿನ ಮುಂದೆ ಕುಳಿತು, ಇಂಗ್ಲಿಷಿನ ಒಂದೊಂದು ಪದವನ್ನೂ ಹತ್ತಿರ ಕರೆದು, ನಿನ್ನ ಹುಟ್ಟೂರು ಯಾವುದು, ಹೆತ್ತವರು ಯಾರು, ದಾರಿಯಲ್ಲಿ ಯಾರ ಯಾರ ಸಹವಾಸ ಮಾಡಿ ಈಗಿನ ಅರ್ಥಕ್ಕೆ ಬಂದು ನಿಂತೆ ಎಂದು ಸಾವಧಾನವಾಗಿ ವಿಚಾರಿಸಿ, ಅದಕ್ಕೆ ಕನ್ನಡದಲ್ಲಿ ತಕ್ಕ ಸಂಬಂಧ ನೋಡಿ ಕೂಡಿಸುವ ಕೆಲಸದಲ್ಲೇ ತಮ್ಮ ಆಯುಷ್ಯದ ಬಹುಭಾಗವನ್ನು ಕಳೆದವರು ನಮ್ಮ ಇಂಗ್ಲಿಷ್–ಕನ್ನಡ ಮಹಾಕೋಶದ ಪ್ರಧಾನ ಸಂಪಾದಕಿಯವರು. ಅವರು ಕೈಯಿಟ್ಟ ಸಂಪುಟಗಳು ಇಂದು ಗ್ರಂಥಾಲಯಗಳಲ್ಲಿ, ನ್ಯಾಯಾಲಯಗಳಲ್ಲಿ, ಶಾಲೆಗಳಲ್ಲಿ ಇವೆ. ಕೆಲವು ಮನೆಗಳಲ್ಲಿ ಎತ್ತರ ಸಾಲದ ಮಕ್ಕಳನ್ನು ಊಟದ ಮೇಜಿಗೆ ಎಟುಕಿಸಲು ಕುರ್ಚಿಯ ಮೇಲೂ ಇಡುತ್ತಾರಂತೆ. ಈ ಉಪಯೋಗವನ್ನೂ ಮುನ್ನುಡಿಯಲ್ಲಿ ಸೇರಿಸಬೇಕೆಂದು ಅವರೇ ಒಮ್ಮೆ ಸಂಪಾದಕ ಮಂಡಲಿಯ ಸಭೆಯಲ್ಲಿ ಹೇಳಿದ್ದರು.

ಕಛೇರಿಯಲ್ಲಿ ಅವರಿಗೆ ‘ಚೀಟಿ ಮೇಡಂ’ ಎಂದೇ ಹೆಸರು. ಎದುರಿಗೆ ಹಾಗೆ ಕರೆದವರು ಯಾರೂ ಇಲ್ಲ. ಆದರೆ ಆ ಕಟ್ಟಡದಲ್ಲಿ ಓಡಾಡುವ ಯಾವ ಪದವೂ ಅವರ ಕಿವಿ ತಪ್ಪಿಸಿಕೊಂಡು ಹೋಗಲಾರದಾದ್ದರಿಂದ ಇದೂ ಅವರಿಗೆ ಗೊತ್ತಿತ್ತು. ಎಲ್ಲಿ ಒಂದು ಒಳ್ಳೆಯ ಮಾತು ಕಿವಿಗೆ ಬಿದ್ದರೂ, ಅದು ಬಸ್ಸಿನಲ್ಲಾಗಲಿ, ಬಟ್ಟೆ ಅಂಗಡಿಯಲ್ಲಾಗಲಿ, ಕೈಚೀಲದಿಂದ ಅಂಗೈ ಅಗಲದ ಒಂದು ಚೀಟಿ ತೆಗೆದು, ತುರುಬಿಗೆ ಸಿಕ್ಕಿಸಿಕೊಂಡ ಪೆನ್ಸಿಲ್ ಎಳೆದು, ಆಡಿದ ಮಾತನ್ನು ಆಡಿದ ಹಾಗೇ ಬರೆದುಕೊಳ್ಳುವುದು ಅವರ ಪದ್ಧತಿ. ತುರುಬಿನಲ್ಲಿ ಪೆನ್ಸಿಲ್ ಇಲ್ಲದ ಅವರನ್ನು ನಾವು ಯಾರೂ ನೋಡಿದ್ದಿಲ್ಲ. ಗುಂಪಿನ ಫೋಟೋ ತೆಗೆಸುವಾಗಲೂ ಅದು ಅಲ್ಲೇ ಇರುತ್ತಿತ್ತು.

ಈ ಚೀಟಿಯ ಪದ್ಧತಿ ಅವರು ಕಂಡುಹಿಡಿದದ್ದಲ್ಲ. ಕೋಶವನ್ನು ಆರಂಭಿಸಿದ ಹಿರಿಯರು, ಎಲ್ಲರೂ ‘ದೊಡ್ಡ ಸಾರ್’ ಎನ್ನುತ್ತಿದ್ದವರು, ಎರಡು ಕಟ್ಟಳೆಗಳನ್ನು ಹಾಕಿಕೊಟ್ಟು ಹೋಗಿದ್ದರು. ಕೋಶದಲ್ಲಿ ಬರುವ ಪ್ರತಿಯೊಂದು ಅರ್ಥಕ್ಕೂ ಕನ್ನಡದ ಒಂದು ನಿಜವಾದ ವಾಕ್ಯ ಆಧಾರವಾಗಿರಬೇಕು, ಯಾರೋ ಆಡಿದ್ದು ಇಲ್ಲವೇ ಬರೆದದ್ದು. ಕುಳಿತಲ್ಲೇ ಹೊಸೆದದ್ದು ಕೂಡದು. ಹಾಗೆಯೇ, ಸಂಪಾದಕರು ತಾವೇ ಆಡಿದ ಮಾತನ್ನು ಆಧಾರವೆಂದು ಸೇರಿಸಿಕೊಳ್ಳುವಂತಿಲ್ಲ. ಯಾಕೆ ಸಾರ್ ಎಂದು ಕೇಳಿದರೆ, “ನಾವೇ ಅಡುಗೆ ಮಾಡಿ, ನಾವೇ ಉಂಡು, ನಾವೇ ರುಚಿಯಾಗಿದೆ ಅಂತ ತಲೆ ಆಡಿಸೋದು ಬೇಡ,” ಎನ್ನುತ್ತಿದ್ದರಂತೆ. ಕೋಶದ ಕೆಲಸ ಇಷ್ಟು ನಿಧಾನವಾಗಿ ಸಾಗಿದ್ದಕ್ಕೂ, ಇಷ್ಟು ಜನ ಅದನ್ನು ನಂಬಿದ್ದಕ್ಕೂ ಈ ಎರಡು ಕಟ್ಟಳೆಗಳೇ ಕಾರಣ.

ಮೇಡಂ ಸಂದರ್ಶನಕ್ಕೆ ಬಂದ ದಿನ ಅವರ ಮನೆಯಲ್ಲಿ ಇನ್ನೂ ನಡೆಯಲು ಬಾರದ ಮಗಳಿದ್ದಳು. ಯಜಮಾನರದು ಭೂಮಾಪನದ ಕೆಲಸ, ತಿಂಗಳಲ್ಲಿ ಹೆಚ್ಚು ದಿನ ಹೊರಗೇ. ದೊಡ್ಡ ಸಾರ್ ಪದಗಳ ಬಗ್ಗೆ ಏನೇನೋ ಕೇಳಿ, ಎಲ್ಲಕ್ಕೂ ಉತ್ತರ ಪಡೆದು, ಕೊನೆಗೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, “ಮಗುವನ್ನ ಯಾರು ನೋಡ್ಕೋತಾರಮ್ಮ?” ಎಂದರು.

“ಅತ್ತೆ ಇದ್ದಾರೆ ಸಾರ್,” ಎಂದರು ಮೇಡಂ.

ಸಾರ್ ಮತ್ತೇನೂ ಕೇಳಲಿಲ್ಲ. ಕೆಲಸ ಸಿಕ್ಕಿತು. ಮೇಡಂ ಆ ಮೇಲೆ ಎಷ್ಟೋ ಸಲ ಈ ಪ್ರಸಂಗವನ್ನು ಹೇಳಿ, ತಮ್ಮನ್ನು ಕೆಲಸಕ್ಕೆ ಸೇರಿಸಿದ್ದು ತಾವು ಕೊಟ್ಟ ಬೇರೆ ಯಾವ ಉತ್ತರವೂ ಅಲ್ಲ, ಈ ಕಡೆಯ ಉತ್ತರವೇ ಎಂದು ನಗುತ್ತಿದ್ದರು. ನಗುತ್ತಿದ್ದರೇ ಹೊರತು ಆ ಮಾತನ್ನು ಅತ್ತೆಯ ಮುಂದೆ ಒಮ್ಮೆಯೂ ಆಡಿದವರಲ್ಲ. ಆಡಬೇಕೆಂದು ತೋಚಿರಲೂ ಇಲ್ಲ.

ಅತ್ತೆಯವರು ಸಾಮಾನ್ಯರಲ್ಲ. ಮಾತು ಚುರುಕು, ಕೈ ಅದಕ್ಕಿಂತ ಚುರುಕು. ಸೊಸೆ ಬೆಳಿಗ್ಗೆ “ಹೋಗಿ ಬರ್ತೀನಿ ಅತ್ತೆ” ಎಂದು ಚಪ್ಪಲಿ ಮೆಟ್ಟುವುದರೊಳಗೆ ಮಗುವನ್ನು ಸೊಂಟಕ್ಕೇರಿಸಿ, “ಬರೋದು ಮರೀಬೇಡ” ಎಂದು ಬಾಗಿಲು ಮುಂದೆ ಮಾಡುತ್ತಿದ್ದರು. ಮಗಳ ಹಿಂದೆ ಮಗ ಹುಟ್ಟಿದ. ಇಬ್ಬರಿಗೂ ಹಲ್ಲು ಬಂದದ್ದು, ಜ್ವರ ಬಂದದ್ದು, ಶಾಲೆಗೆ ಹೋಗುವುದಿಲ್ಲವೆಂದು ಕಂಬ ಹಿಡಿದುಕೊಂಡು ಅತ್ತದ್ದು ಎಲ್ಲವೂ ಅತ್ತೆಯ ಕೈಯಲ್ಲೇ ಕಳೆಯಿತು. ಸೊಸೆ ಅತ್ತ ‘ಬಿ’ಯಿಂದ ‘ಸಿ’ಗೆ, ‘ಸಿ’ಯಿಂದ ‘ಡಿ’ಗೆ ಸಾಗುತ್ತಿದ್ದರೆ, ಮನೆಯಲ್ಲಿ ಮಕ್ಕಳ ಅಂಗಿಗಳು ಗಿಡ್ಡವಾಗುತ್ತಿದ್ದವು.

ಸಂಜೆ ಸೊಸೆ ಮನೆ ಸೇರುವ ಹೊತ್ತಿಗೆ ಅತ್ತೆ ಜಗಲಿಯ ಮೇಲೆ ಮೊರ ಇಟ್ಟುಕೊಂಡು ಬಟಾಣಿ ಬಿಡಿಸುತ್ತಲೋ ಬೀನ್ಸ್ ಸೋಸುತ್ತಲೋ ಕುಳಿತಿರುತ್ತಿದ್ದರು. ಮೊದಲ ದಿನಗಳಲ್ಲಿ ಒಮ್ಮೆ, “ಇಡೀ ದಿನ ಅಲ್ಲಿ ಕೂತು ಏನಮ್ಮ ಮಾಡ್ತೀಯ?” ಎಂದು ಕೇಳಿದರು. ಸೊಸೆಗೆ ಹೇಗೆ ಹೇಳುವುದೆಂದು ತಿಳಿಯದೆ, ಅಂದು ಚೀಟಿ ವಿಂಗಡಿಸುವಾಗ ಸಿಕ್ಕ ‘ನೈಸ್’ ಎಂಬ ಪದದ ಕಥೆ ಹೇಳಿದರು. ಅದು ಲ್ಯಾಟಿನ್ನಿನಲ್ಲಿ ಹುಟ್ಟಿದಾಗ ಅದಕ್ಕೆ ‘ಏನೂ ತಿಳಿಯದವನು’ ಎಂಬ ಅರ್ಥವಿದ್ದದ್ದು, ಫ್ರೆಂಚರ ಮನೆಗೆ ಬಂದು ‘ಪೆದ್ದ’ ಎನಿಸಿಕೊಂಡದ್ದು, ಇಂಗ್ಲಿಷಿನಲ್ಲಿ ಸೇರಿದ ಮೇಲೆ ನಾಜೂಕಿನವನಾಗಿ, ಕಟ್ಟುನಿಟ್ಟಿನವನಾಗಿ, ಕಡೆಗೆ ಎಲ್ಲರಿಗೂ ಬೇಕಾದ ‘ಚೆನ್ನಾಗಿರುವವನು’ ಆದದ್ದು.

“ಪರವಾಗಿಲ್ಲ, ಉದ್ಧಾರ ಆದ,” ಎಂದರು ಅತ್ತೆ.

ಮರುದಿನ ಸಂಜೆ ಸೊಸೆ ಮೆಟ್ಟಿಲು ಹತ್ತುವ ಮೊದಲೇ ಪ್ರಶ್ನೆ ಬಂತು. “ಇವತ್ತು ಯಾರ ಕಥೆ?”

ಅಂದಿನಿಂದ ಅದೊಂದು ರೂಢಿಯಾಯಿತು. ‘ಸಿಲ್ಲಿ’ ಎಂಬ ಪದ ಮೊದಲು ಸುಖಿ, ಪುಣ್ಯವಂತ ಎಂಬ ಅರ್ಥದಲ್ಲಿದ್ದು, ಆಮೇಲೆ ಮುಗ್ಧನೆನಿಸಿ, ಪಾಪದವನೆನಿಸಿ, ಕೊನೆಗೆ ದಡ್ಡನೆನಿಸಿಕೊಂಡಿತೆಂದು ಕೇಳಿದ ದಿನ ಅತ್ತೆ ಬಟಾಣಿಯನ್ನು ಕೈಯಲ್ಲೇ ಹಿಡಿದು ಯೋಚಿಸಿದರು. “ಇದು ಪದದ ಕಥೆ ಅಲ್ಲ ಕಣಮ್ಮ, ನಿಮ್ಮ ಮಾವನವರ ಕಥೆ,” ಎಂದರು. ಸ್ವಲ್ಪ ಹೊತ್ತಾದ ಮೇಲೆ, “ಅವತ್ತು ಹೇಳಿದೆಯಲ್ಲ, ಆ ನೈಸು ಮೇಲೆ ಹತ್ತಿದ, ಇವನು ಕೆಳಗಿಳಿದ. ದಾರೀಲಿ ಎಲ್ಲೋ ಇಬ್ಬರೂ ಎದುರುಬದುರು ಆಗಿರಬೇಕು,” ಎಂದರು. ಮೇಡಂ ಈ ಮಾತನ್ನು ಮರುದಿನ ಕಛೇರಿಯಲ್ಲಿ ಹೇಳಿದಾಗ ದೊಡ್ಡ ಸಾರ್ ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟು ನಕ್ಕರೆಂದು ಹಳಬರು ಹೇಳುತ್ತಾರೆ.

ದೊಡ್ಡ ಸಾರ್ ನಂತರ ಆ ಕುರ್ಚಿಗೆ ಬಂದ ಮೇಡಂ, ಅಧಿಕಾರವನ್ನು ಚಲಾಯಿಸಿದ್ದಕ್ಕಿಂತ ಅದನ್ನು ಕಾಣದಂತೆ ಇಟ್ಟುಕೊಂಡದ್ದೇ ಹೆಚ್ಚು. ಬೇರೆಯವರು ಬರೆದ ವಿವರಣೆಯನ್ನು ಅವರು ಎಂದೂ ಶಾಯಿಯಲ್ಲಿ ತಿದ್ದಿದವರಲ್ಲ. “ಪೆನ್ಸಿಲ್‌ನಲ್ಲಿ ತಿದ್ದಿದ್ರೆ ನೀವು ಅಳಿಸಬಹುದು, ನಾವು ಜಗಳ ಆಡಬಹುದು,” ಎನ್ನುತ್ತಿದ್ದರು. ನಮ್ಮಲ್ಲೊಬ್ಬರು ಹೊಸದಾಗಿ ಸೇರಿದ್ದಾಗ ‘ರನ್’ ಪದದ ಖಾನೆಯನ್ನು ಎಳೆಯಲು ಹೋಗಿ ಅಷ್ಟೂ ಚೀಟಿಗಳನ್ನು ನೆಲಕ್ಕೆ ಚೆಲ್ಲಿದರು. ಆ ಪದಕ್ಕಿರುವ ಅರ್ಥಗಳನ್ನು ಬಲ್ಲವರಿಗೆ ಅದೆಂಥ ಅನಾಹುತವೆಂದು ಬಿಡಿಸಿ ಹೇಳಬೇಕಾಗಿಲ್ಲ. ಮೇಡಂ ಎದ್ದು ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕುಳಿತರು. “ಒಂದೊಂದನ್ನೂ ಗಟ್ಟಿಯಾಗಿ ಓದಿ, ಓಡುವವನು ಯಾರು ಅಂತ ನೋಡೋಣ,” ಎಂದರು. ನದಿ ಹರಿಯಿತು, ಅಂಗಡಿ ನಡೆಯಿತು, ಮೂಗು ಸೋರಿತು, ಬಣ್ಣ ಬಿಟ್ಟಿತು. ಸಂಜೆಯ ಹೊತ್ತಿಗೆ ಆ ಹೊಸಬರು ಬೇರೆಯವರು ವರ್ಷಗಟ್ಟಲೆ ಕಲಿಯುವುದನ್ನು ಕಲಿತಿದ್ದರು, ಬೈಗುಳವೊಂದೂ ಬೀಳಲಿಲ್ಲ. ಈಗ ಅವರು ನಮ್ಮ ಸಹಸಂಪಾದಕರು.

ಹೀಗೆ ಕೋಶ ‘ಟಿ’ ಸಂಪುಟಕ್ಕೆ ಬಂದು ತಲುಪಿದಾಗ ಮೇಡಂ ಅವರ ನಿವೃತ್ತಿಯೂ ಹತ್ತಿರ ಬಂದಿತ್ತು. ತಾವು ಹೋಗುವ ಮೊದಲು ‘ಟಿ’ ಅಚ್ಚಾಗಬೇಕೆಂಬುದು ಅವರ ಆಸೆ. ಎಲ್ಲ ಪದಗಳೂ ಒಂದರ ಹಿಂದೊಂದು ಮುದ್ರಣಾಲಯಕ್ಕೆ ನಡೆದವು. ಒಂದು ಪದ ಮಾತ್ರ ಮೇಜು ಬಿಟ್ಟು ಕದಲಲಿಲ್ಲ. ಅದು ‘ಥ್ಯಾಂಕ್’.

ಯಾರಾದರೂ ನಗಬಹುದು. ಮಾತು ಕಲಿಯುವ ಮಕ್ಕಳ ಬಾಯಲ್ಲೂ ಇರುವ ಪದ ಅದು. ಅದರ ಹುಟ್ಟೂ ಗೊಂದಲದ್ದಲ್ಲ. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ‘ಯೋಚನೆ’, ‘ಮನಸ್ಸಿನಲ್ಲಿ ಇಟ್ಟುಕೊಂಡದ್ದು’ ಎಂದೇ ಅರ್ಥ. ‘ಥಿಂಕ್’ ಎಂಬ ಪದಕ್ಕೆ ಅದು ಒಡಹುಟ್ಟು. ಒಬ್ಬರನ್ನು ಕುರಿತು ಮನಸ್ಸಿನಲ್ಲಿ ಮೂಡಿದ ಒಳ್ಳೆಯ ಯೋಚನೆಯೇ ಕ್ರಮೇಣ ಅವರ ಉಪಕಾರದ ನೆನಪಾಗಿ, ಆ ನೆನಪನ್ನು ಬಾಯಿಬಿಟ್ಟು ಹೇಳುವುದೇ ಇಂದಿನ ಅರ್ಥವಾಗಿ ನಿಂತಿತು. ಇಷ್ಟನ್ನು ಮೇಡಂ ಒಂದು ಬೆಳಗಿನಲ್ಲಿ ಬರೆದು ಮುಗಿಸಿದರು. ತೊಡಕಾದದ್ದು ಕನ್ನಡದ ಆಧಾರವಾಕ್ಯ.

ಖಾನೆ ತೆಗೆದರೆ ‘ಧನ್ಯವಾದ’ದ ಚೀಟಿಗಳು ಧಾರಾಳವಾಗಿದ್ದವು, ಎಲ್ಲವೂ ಸಭೆಯಿಂದ, ಆಮಂತ್ರಣ ಪತ್ರಿಕೆಯಿಂದ, ಬಸ್ಸಿನ ಬಾಗಿಲ ಫಲಕದಿಂದ ಬಂದವು. ಅಂಗಡಿ ಬೀದಿಗಳಿಂದ ‘ಥ್ಯಾಂಕ್ಸ್’ ಬಂದಿತ್ತು; ಪದಕ್ಕೆ ಅದೇ ಪದವನ್ನು ಅರ್ಥವಾಗಿ ಕೊಟ್ಟರೆ ಓದುಗ ಹೊರಟಲ್ಲಿಗೇ ಬಂದು ನಿಲ್ಲುತ್ತಾನೆ. ಕುಹಕದ ಅರ್ಥಕ್ಕಂತೂ ಬರವೇ ಇರಲಿಲ್ಲ: “ದೊಡ್ಡ ಉಪಕಾರ ಮಾಡಿದೆ ಬಿಡು”, “ಪುಣ್ಯಾತ್ಮ, ನೀನು ಸಹಾಯ ಮಾಡದೇ ಇದ್ರೆ ಸಾಕು.” ಇವುಗಳಲ್ಲಿ ಅರ್ಧಕ್ಕರ್ಧ ಅತ್ತೆಯವರ ಬಾಯಿಂದಲೇ ಸಂಗ್ರಹವಾದವು. ಆದರೆ ಮನೆಯೊಳಗೆ ಒಬ್ಬರು ಇನ್ನೊಬ್ಬರಿಗೆ, ವ್ಯಂಗ್ಯವಿಲ್ಲದೆ, ಮೈಕಿಲ್ಲದೆ, ನೇರವಾಗಿ ಆಡಿದ ಮಾತಿನ ಚೀಟಿ ಒಂದೂ ಇರಲಿಲ್ಲ. ಚೀಟಿ ಬರೆಯುವವರ ದೌರ್ಬಲ್ಯವೇ ಇದು. ವಿಚಿತ್ರವಾದದ್ದು ಕಿವಿಗೆ ಬಿದ್ದರೆ ಓಡಿ ಬರೆದುಕೊಳ್ಳುತ್ತಾರೆ, ದಿನವೂ ಕೇಳುವುದನ್ನು ಯಾರೂ ಬರೆಯುವುದಿಲ್ಲ.

ಮೇಡಂ ಮೊದಲು ಹಾಗೆಂದೇ ಸಮಾಧಾನ ಮಾಡಿಕೊಂಡರು. ಆಡುವವರಿದ್ದಾರೆ, ಬರೆದವರಿಲ್ಲ ಅಷ್ಟೇ. ಕಿವಿ ನೆಟ್ಟಗೆ ಮಾಡಿಕೊಂಡು ತಮ್ಮ ಮನೆಯಲ್ಲೇ ಕೇಳತೊಡಗಿದರು. ಯಜಮಾನರು ಕಾಫಿ ತೆಗೆದುಕೊಂಡು “ಹೂಂ” ಎಂದರು. ಮಗಳು ಫೋನಿನಲ್ಲಿ “ಸರಿಯಮ್ಮ, ಇಡ್ತೀನಿ” ಎಂದಳು. ಆಗ ಅವರ ಮನಸ್ಸಿಗೆ ಚುರುಕ್ಕೆಂದಿತು. ಈ ಮನೆಯಲ್ಲಿ ಆ ಮಾತನ್ನು ಯಾರೂ ಯಾರಿಗೂ ಆಡಿಲ್ಲ, ಎಲ್ಲರಿಗಿಂತ ಮೊದಲು ತಾವೇ ಆಡಿಲ್ಲ. ಯಾರ ಸೊಂಟದ ಮೇಲೆ ಮಕ್ಕಳನ್ನು ಬಿಟ್ಟು ಅಕ್ಷರಮಾಲೆಯ ಉದ್ದಕ್ಕೂ ನಡೆದು ಬಂದರೋ ಆ ಮುದುಕಿ ಈಗ ಎರಡೂ ಕಣ್ಣಿಗೆ ಪೊರೆ ಬಂದು, ಬಟಾಣಿಯನ್ನು ಬೆರಳಿನಿಂದಲೇ ಎಣಿಸಿಕೊಳ್ಳುತ್ತ ಕೂರುತ್ತಾರೆ. ಅವರಿಗೆ ಈ ಒಂದು ಮಾತನ್ನು ಹೇಳದೆ ಪದದ ಅರ್ಥ ಬರೆದು ಏನು ಪ್ರಯೋಜನ ಎಂದು ಮೇಡಂಗೆ ನಾಚಿಕೆಯಾಯಿತು.

ಆ ಸಂಜೆಯೇ ಹೇಳಿಬಿಡಬೇಕೆಂದು ನಿಶ್ಚಯಿಸಿ ಮನೆಗೆ ಹೋದರು. ಜಗಲಿಯ ಮೇಲೆ ಅತ್ತೆಯ ಎದುರು ಕುಳಿತರು. “ಇವತ್ತು ಯಾರ ಕಥೆ?” ಎಂಬ ಪ್ರಶ್ನೆಗೆ ಉತ್ತರ ಕೊಡದೆ, “ಅತ್ತೆ, ಇಷ್ಟು ವರ್ಷ ನೀವು ಮಕ್ಕಳನ್ನ, ಮನೆಯನ್ನ ನೋಡಿಕೊಂಡಿದ್ದಕ್ಕೆ ನಿಮಗೆ ಧನ್ಯವಾದ,” ಎಂದರು.

ಅತ್ತೆ ಒಂದು ಕ್ಷಣ ಗಲಿಬಿಲಿಗೊಂಡು ಆಮೇಲೆ ನಕ್ಕರು. “ಧನ್ಯವಾದಾನಾ? ಮೈಕ್ ಎಲ್ಲಮ್ಮ, ಹಾರ ಎಲ್ಲಿ?”

ಇಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಜೀವಮಾನದ ಅಭ್ಯಾಸ ಕೇಳಬೇಕಲ್ಲ. ಮನೆಮಾತಿನಲ್ಲಿ ‘ಧನ್ಯವಾದ’ ಯಾಕೆ ಸಲ್ಲುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಎಲ್ಲಿ ಸಿಗಬೇಕು? ಅವರ ಕೈ ತಾನಾಗಿ ತುರುಬಿಗೆ ಹೋಯಿತು. ಪೆನ್ಸಿಲ್ ಬಂತು, ಚೀಟಿ ಬಂತು. ಪದಗಳ ಹಿಂದೆ ಬಿದ್ದವರು ಮಾತ್ರ ಮಾಡಬಲ್ಲ ತಪ್ಪು ಇದು. ಮನಸ್ಸು ಬಿಚ್ಚಿ ಒಂದು ಮಾತು ಹೇಳಿ, ಅದರ ಉತ್ತರವನ್ನು ಕುಳಿತಲ್ಲೇ ಬರೆದುಕೊಳ್ಳುವುದು.

ಕಣ್ಣು ಮಂಜಾದ ಮೇಲೆ ಅತ್ತೆಯ ಕಿವಿ ಇನ್ನೂ ಸೂಕ್ಷ್ಮವಾಗಿತ್ತು. ಕಾಗದದ ಮೇಲೆ ಸೀಸದ ಸದ್ದು ಕೇಳಿಸಿತು. “ಏನು ಬರ್ಕೊಂಡೆ?”

“ನೀವಂದಿದ್ದು ಅತ್ತೆ. ಮೈಕು, ಹಾರ...”

“ಓ,” ಎಂದರು ಅತ್ತೆ. ಕೈಯಲ್ಲಿದ್ದ ಬಟಾಣಿ ಕಾಯನ್ನು ಮೊರಕ್ಕೆ ಹಾಕಿ, “ಹಾಗಾದ್ರೆ ನೀನು ನನಗೆ ಹೇಳಿದ್ದಲ್ಲ. ಪುಸ್ತಕಕ್ಕೆ ಬೇಕಿತ್ತು, ನನ್ನ ಕೈಲಿ ಮಾತಾಡಿಸಿದೆ,” ಎಂದರು. ಬಿಡಿಸಿದ ಬಟಾಣಿ, ಬಿಡಿಸದ ಬಟಾಣಿ ಎರಡನ್ನೂ ಹಾಗೆಯೇ ಬಿಟ್ಟು, ಗೋಡೆ ಹಿಡಿದುಕೊಂಡು ಒಳಗೆ ಹೋದರು.

ಅವರು ಜಗಳವಾಡಲಿಲ್ಲ. ಜಗಳವಾಡಿದ್ದರೆ ಸೊಸೆ ನೆಮ್ಮದಿಯಾಗಿರುತ್ತಿದ್ದರು. ಊಟ ಆಯ್ತಾ, ಬಾಗಿಲು ಹಾಕಿದೆಯಾ, ಹಾಲಿನವನು ಬಂದಿದ್ದ, ಇಷ್ಟೇ ಮಾತು. ಮರುದಿನ ಸಂಜೆ ಮೇಡಂ ಮೆಟ್ಟಿಲ ಮೇಲೆ ಬೇಕೆಂದೇ ನಿಧಾನ ಮಾಡಿದರು, ಪ್ರಶ್ನೆ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ತಾವಾಗಿ ಒಂದು ಪದದ ಕಥೆ ಶುರುಮಾಡಿದರೆ, “ನನಗೆ ಯಾಕಮ್ಮ ಅದೆಲ್ಲ, ಕಛೇರೀಲಿ ಹೇಳು, ಬರ್ಕೋತಾರೆ,” ಎಂಬ ಉತ್ತರ ಬಂತು. ಅಷ್ಟು ವರ್ಷ ತಪ್ಪದೆ ಬಂದ ಪ್ರಶ್ನೆಯೊಂದು ನಿಂತುಹೋದರೆ ಮನೆ ಎಷ್ಟು ಬಿಕೋ ಎನ್ನುತ್ತದೆಂದು ಅವರಿಗೆ ಆಗ ತಿಳಿಯಿತು. ತಾವು ಮನೆಗೆ ಬರುತ್ತಿದ್ದದ್ದು ಆ ಪ್ರಶ್ನೆಗಾಗಿಯೇ ಎಂದು ಕೂಡ ತಿಳಿಯಿತು.

ಕಛೇರಿಯಲ್ಲಿ ನಮಗೂ ಏನೋ ಸರಿಯಿಲ್ಲವೆಂದು ಕಾಣುತ್ತಿತ್ತು. ಮೇಡಂ ಮಾತು ಕಡಿಮೆ ಮಾಡಿದ್ದರು. ‘ಥ್ಯಾಂಕ್’ ಪದದ ಹಾಳೆಯನ್ನು ಮುಂದಿಟ್ಟುಕೊಂಡು ಕಿಟಕಿ ನೋಡುತ್ತಿದ್ದರು. ಮುದ್ರಣಾಲಯದ ವ್ಯವಸ್ಥಾಪಕರು ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಫೋನು ಮಾಡಿ, “ಮೇಡಂ, ಒಂದು ಪದಕ್ಕೆ ಯಂತ್ರ ನಿಲ್ಸಿದ್ದೀನಿ, ಮಾಲೀಕರು ನನ್ನ ಚರ್ಮ ಸುಲೀತಾರೆ,” ಎನ್ನುತ್ತಿದ್ದರು. ಸಹಸಂಪಾದಕರು ಮೆಲ್ಲಗೆ, “‘ಧನ್ಯವಾದ ಹೇಳು’ ಅಂತ ಹಾಕಿ ಕಳಿಸಿಬಿಡೋಣ ಮೇಡಂ. ಯಾರೂ ಕೇಳಲ್ಲ,” ಎಂದರು.

“ನಮ್ಮತ್ತೆ ಕೇಳ್ತಾರೆ,” ಎಂದರು ಮೇಡಂ. ಆಮೇಲೆ ಆ ಚೀಟಿಯನ್ನು, ಮೈಕು ಹಾರಗಳ ಚೀಟಿಯನ್ನು, ನಾಲ್ಕಾಗಿ ಹರಿದು ಬುಟ್ಟಿಗೆ ಹಾಕಿದರು. ಬರೆದ ಚೀಟಿಯನ್ನು ಅವರು ಹರಿದದ್ದನ್ನು ನಾವು ನೋಡಿದ್ದು ಅದೊಂದೇ ಸಲ.

ಅಷ್ಟರಲ್ಲಿ ಅತ್ತೆಯ ಒಂದು ಕಣ್ಣಿನ ಪೊರೆ ತೆಗೆಯುವ ದಿನ ಗೊತ್ತಾಯಿತು. ಎಂದಿನಂತೆ ಯಜಮಾನರು ಊರಲ್ಲಿರಲಿಲ್ಲ. ಮೇಡಂ ರಜೆ ಬರೆದುಕೊಟ್ಟರು. ತಿಂಗಳ ಕೊನೆಗೆ ನಿವೃತ್ತಿ, ಮುದ್ರಣ ಅರ್ಧಕ್ಕೆ ನಿಂತಿದೆ, ಇಂಥ ಹೊತ್ತಿನಲ್ಲಿ ಅವರು ಹಾಕಿದ ರಜೆ ನೋಡಿ ನಾವೆಲ್ಲ ಬೆರಗಾದೆವು. ಹೋಗುವ ಮುನ್ನ ಮೇಜಿನ ಮೇಲಿನ ಹಾಳೆಗಳನ್ನು ಒಪ್ಪವಾಗಿ ಜೋಡಿಸಿ, ತುರುಬಿನ ಪೆನ್ಸಿಲ್ ತೆಗೆದು ಅವುಗಳ ಮೇಲಿಟ್ಟರು.

ಆಸ್ಪತ್ರೆಯ ಕೆಲಸ ಬೆಳಿಗ್ಗೆಯೇ ಮುಗಿದು, ಮಧ್ಯಾಹ್ನಕ್ಕೆ ಅತ್ತೆಯನ್ನು ಮನೆಗೆ ಕರೆತಂದು ಮಂಚದ ಮೇಲೆ ಮಲಗಿಸಿದರು. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದರಲ್ಲಿ ಮಂಜು. ಬೀದಿಯಲ್ಲಿ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದ ಸದ್ದು ಬಿಟ್ಟರೆ ಮನೆಯೆಲ್ಲ ನಿಶ್ಶಬ್ದವಾಗಿತ್ತು. ಬಹಳ ಹೊತ್ತಿನ ಮೇಲೆ ಅತ್ತೆ ಕೇಳಿದರು.

“ಯಾರು ಅಲ್ಲಿ?”

“ನಾನು ಅತ್ತೆ.”

“ಕಛೇರಿ ಇಲ್ವಾ?”

“ರಜೆ ಹಾಕಿದ್ದೀನಿ.”

“ನಿನ್ನ ಪುಸ್ತಕ?”

“ಕಾಯುತ್ತೆ ಬಿಡಿ.”

ಅತ್ತೆ ದನಿ ಬಂದ ಕಡೆಗೆ ತಲೆ ತಿರುಗಿಸಿದರು. ಆಮೇಲೆ, “ಕೈ ಕೊಡು,” ಎಂದರು. ಸೊಸೆ ಒಂದು ಕೈ ಕೊಟ್ಟರು. “ಇನ್ನೊಂದು?” ಇನ್ನೊಂದನ್ನೂ ಕೊಟ್ಟರು. ಅತ್ತೆ ಎರಡೂ ಅಂಗೈಗಳನ್ನು ಸವರಿ ನೋಡಿ, ಅಷ್ಟಕ್ಕೇ ಬಿಡದೆ, “ಬಗ್ಗು” ಎಂದು ತುರುಬಿಗೂ ಕೈ ಹಾಕಿ ತಡವಿದರು. ಅಲ್ಲೂ ಏನೂ ಇರಲಿಲ್ಲ.

“ಹೂಂ. ಈಗ ಹೇಳು, ಏನೋ ಹೇಳೋಕೆ ಬಂದಿದ್ದೆಯಲ್ಲ ಅವತ್ತು.”

ಅಷ್ಟು ಪದಗಳನ್ನು ಬಲ್ಲವರಿಗೆ ಆಗ ಒಂದೂ ನೆನಪಾಗಲಿಲ್ಲ. ಬಂದದ್ದು ದಿನವೂ ಬಾಗಿಲಲ್ಲಿ ಆಡುತ್ತಿದ್ದ ಮಾತೇ.

“ನೀವು ಮನೇಲಿ ಇದ್ರಿ ಅತ್ತೆ. ಅದಕ್ಕೇ ನಾನು ಹೋಗಿ ಬಂದೆ.”

ಮಂಚದ ಮೇಲಿನ ಕೈ ಸೊಸೆಯ ಕೈಯನ್ನು ಬಿಗಿಯಾಗಿ ಹಿಡಿಯಿತು. “ಸುಮ್ಮನಿರು. ಕಣ್ಣಲ್ಲಿ ನೀರು ಬರಬಾರದು ಅಂತ ಡಾಕ್ಟರು ಹೇಳಿದ್ದಾರೆ,” ಎಂದರು ಅತ್ತೆ. ಆದರೆ ತಾವು ಸುಮ್ಮನಿರಲಿಲ್ಲ. ಸ್ವಲ್ಪ ಹೊತ್ತಿಗೆ, “ಇದು ನಿನ್ನ ಪುಸ್ತಕಕ್ಕೆ ಬರುತ್ತಾ?” ಎಂದರು.

“ಇಲ್ಲ ಅತ್ತೆ. ಪುಸ್ತಕಕ್ಕೆ ಅಂತ ಹೇಳಿದ್ದಲ್ಲ.”

“ಅದು ಗೊತ್ತಾಯ್ತು ಕಣೇ. ಬರ್ಕೊಂಡ್ರೂ ನಡೆಯಲ್ಲ ಅಲ್ವಾ? ನೀವು ಆಡಿದ್ದನ್ನ ನೀವೇ ಹಾಕ್ಕೋಬಾರದು ಅಂತ ನಿಮ್ಮ ದೊಡ್ಡ ಸಾರ್ ಕಟ್ಟು ಮಾಡಿದ್ದಾರೆ.” ಜಗಲಿಯ ಮೇಲಿನ ಕಥೆಗಳಲ್ಲಿ ಅತ್ತೆ ಒಂದನ್ನೂ ಮರೆತಿರಲಿಲ್ಲ. “ನಾನು ಆಡಿದ್ರೆ ಬರುತ್ತಾ?”

“ಬರುತ್ತೆ.”

“ಹಾಗಾದ್ರೆ ಕೇಳು.” ಅತ್ತೆ ದಿಂಬಿನ ಮೇಲೆ ತಲೆ ಸರಿಮಾಡಿಕೊಂಡರು. ನಗಿಸಲು ಹೊರಟಾಗ ಬರುವ ದನಿ ಅದಲ್ಲ. “ನೀನು ಬರ್ತಿದ್ದೆ. ಬಂದು ಏನಾದ್ರೂ ಹೇಳ್ತಿದ್ದೆ. ಅದಕ್ಕೇ ಈ ಮನೇಲಿ ಸಂಜೆ ಆಗ್ತಿತ್ತು.”

ಸೊಸೆ ಅಲುಗಾಡದೆ ಕುಳಿತಿದ್ದರು. ಬೀದಿಯಲ್ಲಿ ಗಾಳಿ ಹೊಡೆಯುವುದು ನಿಂತಿತ್ತು.

“ಏನು ನೋಡ್ತಾ ಕೂತೆ?” ಎಂದರು ಅತ್ತೆ. “ಹೋಗಿ ಪೆನ್ಸಿಲ್ ತಗೊಂಡು ಬಾ.”

ಮನೆಯಲ್ಲಿ ಆ ದಿನ ಒಂದೂ ಪೆನ್ಸಿಲ್ ಸಿಗಲಿಲ್ಲ. ಮಗ ಹಿಂದೆಂದೋ ಬಿಟ್ಟುಹೋಗಿದ್ದ ನೀಲಿ ಬಣ್ಣದ ಕಡ್ಡಿಯಲ್ಲಿ ಬರೆದ ಚೀಟಿಯೊಂದನ್ನು ಮರುದಿನ ಮೇಡಂ ಕಛೇರಿಗೆ ತಂದರು. ಮೂಲ ಎಂಬ ಕಡೆ ‘ಮನೆಮಾತು’ ಎಂದಿತ್ತು. ಸಹಸಂಪಾದಕರು ಓದಿ, ಮತ್ತೆ ಓದಿ, ತಾವು ಕಲಿತ ವಿದ್ಯೆಗೆ ಮೋಸಮಾಡದೆ ಜಗಳಕ್ಕೆ ನಿಂತರು. “ಮೇಡಂ, ಇದರಲ್ಲಿ ಕೃತಜ್ಞತೆ ಅನ್ನೋ ಪದವೇ ಇಲ್ಲ, ಉಪಕಾರವೂ ಇಲ್ಲ. ಇದು ‘ಥ್ಯಾಂಕ್’ಗೆ ಆಧಾರ ಹೇಗಾಗುತ್ತೆ?”

ಮೇಡಂ ಆ ಪದದ ಹುಟ್ಟಿನ ಕಡೆಗೆ ಬೆರಳು ಮಾಡಿದರು. ಅದು ಮೊದಲು ಬಾಯಿಮಾತೇ ಅಲ್ಲ, ಮನಸ್ಸಿನಲ್ಲಿ ಇಟ್ಟುಕೊಂಡದ್ದು. ನಮ್ಮವರೂ ಉಪಕಾರವನ್ನು ‘ನೆನೆಯುತ್ತಾರೆ’. ಮಾಡಿದ್ದನ್ನು ತಿಳಿದವನು ಕೃತಜ್ಞ. ಪರಸ್ಪರ ಮುಖ ನೋಡದ ಭಾಷೆಗಳು ಒಂದೇ ಕಡೆ ಕೈಯಿಟ್ಟಿವೆ. “ಮನೇಲಿ ನಾವು ಧನ್ಯವಾದ ಹೇಳಲ್ಲ. ‘ನೀವಿದ್ರಿ, ಅದಕ್ಕೇ ಇದಾಯ್ತು’ ಅಂತ ಆದದ್ದನ್ನ ಹೇಳ್ತೀವಿ. ಇಷ್ಟು ದಿನ ಅದನ್ನ ನಾನು ‘ಥ್ಯಾಂಕ್’ನ ಖಾನೇಲಿ ಹುಡುಕಿರಲಿಲ್ಲ,” ಎಂದರು. ಸಹಸಂಪಾದಕರು ಪೆನ್ಸಿಲ್ಲಿನಲ್ಲಿ ಸರಿ ಎಂದು ಗುರುತು ಹಾಕಿದರು. ಮಧ್ಯಾಹ್ನದ ಫೋನು ಬರುವ ಮೊದಲೇ ಹಾಳೆ ಮುದ್ರಣಾಲಯ ಸೇರಿತು.

‘ಟಿ’ ಸಂಪುಟ ಇಂದು ನಮ್ಮ ಮುಂದಿದೆ. ಇಷ್ಟನ್ನೂ ಇಲ್ಲಿ ಬರೆಯುವ ಮೊದಲು ನಾವು ಮನೆಗೆ ಹೋಗಿ ಅತ್ತೆಯವರ ಅಪ್ಪಣೆ ಕೇಳಿದೆವು. “ಧಾರಾಳವಾಗಿ ಬರ್ಕೊಳ್ಳಿ. ಆದ್ರೆ ನಾನು ಬಟಾಣಿ ಬಿಟ್ಟು ಎದ್ದುಹೋಗಿದ್ದು ಬೇಡ, ಸಣ್ಣತನ ಅನ್ಸುತ್ತೆ,” ಎಂದರು. ಅದನ್ನು ಬಿಟ್ಟರೆ ಮುಂದಿನದಕ್ಕೆ ಅರ್ಥವಿರುವುದಿಲ್ಲವಾದ್ದರಿಂದ ಈ ಒಂದು ಮಾತು ಮೀರಿದ್ದೇವೆ, ಕ್ಷಮೆಯಿರಲಿ. ಮೇಡಂ ಅವರದು ಒಂದೇ ನಿಬಂಧನೆಯಿತ್ತು, ಅವರ ನಿವೃತ್ತಿಗೆಂದು ತರುತ್ತಿರುವ ಈ ಅಭಿನಂದನ ಗ್ರಂಥದಲ್ಲಿ ಯಾರೂ ತಮಗೆ ಧನ್ಯವಾದ ಅರ್ಪಿಸಕೂಡದು. ಅದನ್ನು ಅಕ್ಷರಶಃ ಪಾಲಿಸಿದ್ದೇವೆ.

ಅಕ್ಷರಮಾಲೆ ಇನ್ನೂ ಮುಗಿದಿಲ್ಲ. ಉಳಿದ ಅಕ್ಷರಗಳ ಕರಡಚ್ಚುಗಳನ್ನು ನಿತ್ಯ ಮಧ್ಯಾಹ್ನ ಮೇಡಂ ಅವರ ಮನೆಗೆ ತಲುಪಿಸುವುದೆಂದು ಸಂಪಾದಕ ಮಂಡಲಿ ಒಮ್ಮತದಿಂದ ತೀರ್ಮಾನಿಸಿದೆ. ನಿರ್ಣಯದಲ್ಲಿ ಇದಕ್ಕೆ ವಿದ್ವತ್ತಿನ ಕಾರಣಗಳನ್ನೇ ಕೊಟ್ಟಿದ್ದೇವೆ. ಸಂಜೆಯ ಕಾರಣವನ್ನು ಬರೆದಿಲ್ಲ. ಅವರಿಗೂ, ಈಗ ಬಟಾಣಿಯ ಜೊತೆಗೆ ಸೊಸೆಯ ಮುಖವನ್ನೂ ಸ್ಪಷ್ಟವಾಗಿ ಕಾಣುತ್ತಿರುವ ಅವರ ಅತ್ತೆಯವರಿಗೂ ಆಯುಸ್ಸು, ಆರೋಗ್ಯ, ಕೈತುಂಬ ಕೆಲಸ ಇರಲಿ. ಮೇಡಂ, ನೀವಿದ್ದಿರಿ, ಅದಕ್ಕೇ ನಾವು ‘ಟಿ’ಯವರೆಗೆ ಬಂದೆವು. ಬೆಳಿಗ್ಗೆ ಹೋಗಿ ಬರ್ತೀನಿ ಎನ್ನುವ ಅಗತ್ಯ ಇನ್ನಿಲ್ಲದ ಆ ಮನೆಯ ಜಗಲಿಯ ಮೇಲೆ, ಬಿಸಿಲು ಇಳಿಯುವ ಹೊತ್ತಿಗೆ, ಬಹುಕಾಲ ಆ ಪ್ರಶ್ನೆ ತಪ್ಪದೆ ಕೇಳಿಬರಲಿ:

“ಇವತ್ತು ಯಾರ ಕಥೆ?”